ಗಾಲಿಯ ಮನೆ, ಒಬ್ಬಳೇ ಒಡತಿ

ಒಂದು ಪ್ರಶ್ನೆ ಕೇಳುತ್ತೇನೆ, ಬೇಸರಿಸಬೇಡಿ. ಗಂಡ, ಮಕ್ಕಳು, ಅತ್ತೆ-ಮಾವ, ಬಂದ ನೆಂಟರು ಯಾರೂ ಇಲ್ಲದೆ ನೀವು ಒಬ್ಬರೇ ಒಂದು ರಾತ್ರಿ ಕಳೆದದ್ದು ಯಾವಾಗ? ಥಟ್ಟನೆ ನೆನಪಿಗೆ ಬರುವುದಿಲ್ಲ, ಅಲ್ಲವೇ?

ನನ್ನ ಕತೆಯೂ ಅದೇ ಆಗಿತ್ತು. ತವರಿನಲ್ಲಿ ಅಜ್ಜಿಯ ಮಗ್ಗುಲು, ಆಮೇಲೆ ಕುಮಟೆಯ ತುಂಬಿದ ಮನೆ, ಆಮೇಲೆ ಮಕ್ಕಳು. ನಮ್ಮವರು ತೀರಿಕೊಂಡ ಮೇಲಾದರೂ ಒಬ್ಬಳೇ ಇರಬೇಕಾಯಿತೋ ಎಂದರೆ, ಅದೂ ಇಲ್ಲ. "ಒಬ್ಳೇ ಹ್ಯಾಂಗೆ ಇರ್ತೆ?" ಎಂದು ಮೂರು ತಿಂಗಳು ತಂಗಿ ಬಂದು ಕೂತಳು. ಅವಳು ಹೋದ ಮೇಲೆ ರಾತ್ರಿ ಜೊತೆಗೆ ಮಲಗಲು ಪಕ್ಕದ ಮನೆಯವರು ತಮ್ಮ ಹುಡುಗಿಯನ್ನು ಕಳಿಸಿದರು. ಎಲ್ಲರದೂ ಒಳ್ಳೆಯ ಮನಸ್ಸೇ. ಆದರೆ "ಒಬ್ಬಳೇ" ಎಂಬ ಮಾತನ್ನು ಅವರೆಲ್ಲ ಒಂದು ರೋಗದ ಹೆಸರಿನಂತೆ ಮೆಲ್ಲಗೆ ಹೇಳುತ್ತಿದ್ದರು.

ಅಂಥ ನಾನು 2023ರ ಮೇ ತಿಂಗಳಲ್ಲಿ, ನನ್ನ 58ನೇ ವಯಸ್ಸಿನಲ್ಲಿ, ಫ್ರಾನ್ಸ್ ದೇಶದ ಮೆಡಿಟರೇನಿಯನ್ ಕರಾವಳಿಯಲ್ಲಿ 12 ದಿನ ವ್ಯಾನು ಓಡಿಸಿಕೊಂಡು, ಅದರಲ್ಲೇ ಬೇಯಿಸಿಕೊಂಡು, ಅದರಲ್ಲೇ ಮಲಗಿಕೊಂಡು, ಒಬ್ಬಳೇ ತಿರುಗಿ ಬಂದೆ. ನೀಸ್ ಪಟ್ಟಣದಿಂದ ಸ್ಪೇನಿನ ಗಡಿಯ ಹತ್ತಿರದ ಕೊಲಿಯೂರ್ ಎಂಬ ಪುಟ್ಟ ಊರಿನವರೆಗೆ, ಸುಮಾರು 600 ಕಿಲೋಮೀಟರ್.

ಇದು ಬರಿಯ ಶೋಕಿಯಾಗಿರಲಿಲ್ಲ. ಮಕ್ಕಳಿಬ್ಬರೂ ಒಂದು ಲೆಕ್ಕ ಹಾಕಿದ್ದರು. ಕುಮಟೆಯ ಮನೆ ಮಾರುವುದು. ನಾನು ಆರು ತಿಂಗಳು ಬೆಂಗಳೂರಿನ ಮಗನ ಮನೆಯಲ್ಲಿ, ವೀಸಾ ಸಿಕ್ಕಷ್ಟು ದಿನ ಲಿಯೋನಿನಲ್ಲಿರುವ ಮಗಳ ಮನೆಯಲ್ಲಿ ಇರುವುದು. ಮನೆ ಕೊಳ್ಳುವವರು ಬಂದು ನೋಡಿಕೊಂಡೂ ಹೋಗಿದ್ದರು. ಬಾವಿಯ ನೀರು ಸಿಹಿಯೋ ಉಪ್ಪೋ ಎಂದು ಕೇಳಿದರು. ಸಿಹಿ ಎಂದೆ. ನನ್ನನ್ನು ಮಾತ್ರ ಯಾರೂ ಏನೂ ಕೇಳಿರಲಿಲ್ಲ. ಮಗಳ ಮನೆಗೆ ಹೋದಾಗ ಅವಳಿಗೆ ಹೇಳಿದೆ: "ತೀರ್ಮಾನ ಮಾಡೂ ಮೊದಲು ನಂಗೆ ನಾಲ್ಕು ದಿನ ಒಬ್ಳೇ ಇರವು." ಅವಳು ನನ್ನ ಮುಖ ನೋಡಿದಳು. ಒಂದು ವಾರದ ಮೇಲೆ ವ್ಯಾನಿನ ಚಿತ್ರ ತೋರಿಸಿದಳು. ಮಗನಿಗೆ ಸುದ್ದಿ ಮುಟ್ಟಿದಾಗ, "ಆಯಿ, ನಿಂಗೆ ತಲೆ ಸಮಾ ಇದ್ದಾ?" ಎಂದ.

ಡ್ರೈವಿಂಗ್ ಬರುತ್ತಿತ್ತೇ ಎಂದು ಕೇಳುತ್ತೀರಿ. ನಮ್ಮವರ ಕಾರು ಕೊಟ್ಟಿಗೆಯಲ್ಲಿ ಸುಮ್ಮನೆ ತುಕ್ಕು ಹಿಡಿಯುವುದನ್ನು ನೋಡಲಾರದೆ 55ಕ್ಕೆ ಕಲಿತಿದ್ದೆ. ಶಿರಸಿಗೆ ಹೋಗುವ ದೇವಿಮನೆ ಘಟ್ಟದಲ್ಲಿ, ಎದುರಿಗೆ ಲಾರಿ ಬರುವಾಗ ಗೇರು ಬದಲಿಸಿದವಳಿಗೆ ಫ್ರಾನ್ಸಿನ ರಸ್ತೆ ಹೂವಿನ ಹಾಸಿಗೆಯೇ ಸರಿ. ಅಲ್ಲಿ ಬಲಗಡೆ ಓಡಿಸಬೇಕು, ಸ್ಟಿಯರಿಂಗು ಎಡಕ್ಕೆ, ಗೇರು ಬಲಗೈಗೆ. ಮೊದಲ ದಿನ ಪ್ರತಿ ತಿರುವಿನಲ್ಲೂ "ಬಲಕ್ಕೆ, ಬಲಕ್ಕೆ" ಎಂದು ಜಪ ಮಾಡುತ್ತ ಹೋದೆ. ನಮ್ಮ ಸಾರಿಗೆ ಕಚೇರಿಯಲ್ಲಿ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿಕೊಳ್ಳಬಹುದು, ಒಂದು ವರ್ಷ ನಡೆಯುತ್ತದೆ. ವ್ಯಾನಿನ ಬಾಡಿಗೆ ಮಗಳದು. ಡೀಸೆಲು ನನ್ನದು, ಅಪ್ಪೆಮಿಡಿ ಉಪ್ಪಿನಕಾಯಿ ಮಾರಿ ಕೂಡಿಸಿದ ದುಡ್ಡು.

ಇನ್ನು ಕ್ಯಾಂಪರ್‌ವ್ಯಾನ್ ಎಂದರೇನು? ನಮ್ಮ ಟೆಂಪೊ ಟ್ರಾವೆಲರ್ ಇದೆಯಲ್ಲ, ಅದರ ಸೀಟುಗಳನ್ನೆಲ್ಲ ಕಿತ್ತು ಒಳಗೊಂದು ಸಂಸಾರ ಹೂಡಿದ ಹಾಗೆ. ಎರಡು ಉರಿಯ ಗ್ಯಾಸ್ ಒಲೆ, ಕೈ ತೊಳೆಯುವ ತೊಟ್ಟಿ, ಪುಟ್ಟ ಫ್ರಿಜ್ಜು, ಹಗಲು ಮಡಚಿ ರಾತ್ರಿ ಬಿಡಿಸುವ ಹಾಸಿಗೆ. ಒಳ್ಳೆಯ ನೀರಿಗೆ ಒಂದು ಟ್ಯಾಂಕು, ಪಾತ್ರೆ ತೊಳೆದ ನೀರಿಗೆ ಇನ್ನೊಂದು. ದೀಪಕ್ಕೆ ಬೇರೆ ಬ್ಯಾಟರಿ, ಅದಕ್ಕೆ ಮಾಡಿನ ಮೇಲೆ ಸೌರ ಫಲಕ. ಹೇಳಲೋ ಬೇಡವೋ, ಶೌಚಕ್ಕೂ ಒಂದು ಪೆಟ್ಟಿಗೆ. ಅದನ್ನು ಎಳೆದು ಒಯ್ದು ಗೊತ್ತುಮಾಡಿದ ಜಾಗದಲ್ಲಿ ಖಾಲಿ ಮಾಡಬೇಕು. ಊರೂರಲ್ಲಿ ಇಂಥ ವಾಹನಗಳಿಗೆಂದೇ ತಂಗುದಾಣಗಳಿವೆ. ನೀರು ತುಂಬಿಸಿಕೊಳ್ಳುವುದು, ಕೊಳೆ ನೀರು ಬಿಡುವುದು ಎಲ್ಲ ಅಲ್ಲೇ. ಸಮುದ್ರದಂಡೆಯಲ್ಲಿ ಕಂಡಕಂಡಲ್ಲಿ ರಾತ್ರಿ ನಿಲ್ಲಿಸಲು ಬಹಳ ಕಡೆ ಬಿಡುವುದಿಲ್ಲ. ಎತ್ತರದ ಗಾಡಿ ಒಳಗೆ ಹೋಗದಂತೆ ಅಡ್ಡಗಂಬ ಹಾಕಿರುತ್ತಾರೆ.

ಬಾಡಿಗೆಗೆ ಕೊಟ್ಟ ಹುಡುಗ ಇದನ್ನೆಲ್ಲ ಒಂದು ಗಂಟೆ ವಿವರಿಸಿ, "ಅರ್ಥವಾಯಿತೇ ಮೇಡಂ?" ಎಂದು ಅನುಮಾನದಿಂದ ಕೇಳಿದ. ನನಗೆ ನಗು ಬಂತು. ನೀರು ಎಷ್ಟು ಉಳಿದಿದೆ, ಗ್ಯಾಸು ಇನ್ನೆಷ್ಟು ದಿನ ಬಂದೀತು, ಕರೆಂಟು ಹೋದರೇನು ಮಾಡುವುದು, ನಾಳೆಗೆ ಏನು ನೆನೆಹಾಕಬೇಕು, ಎಲ್ಲಿ ಸೋರುತ್ತಿದೆ, ಏನು ಹಳಸಿದೆ? ನಾವು ಹೆಂಗಸರು ಜೀವಮಾನವೆಲ್ಲ ಮಾಡಿದ್ದು ಇದೇ ಲೆಕ್ಕ ತಾನೆ? ಮನೆಗೆ ನಾಲ್ಕು ಗಾಲಿ ಬಂದ ಮಾತ್ರಕ್ಕೆ ಲೆಕ್ಕ ಮರೆತುಹೋಗುತ್ತದೆಯೇ? ವ್ಯತ್ಯಾಸ ಒಂದೇ. ಸಾರಿಗೆ ಉಪ್ಪು ಕಡಿಮೆಯೆಂದು ಹೇಳುವವರು ಯಾರೂ ಇರಲಿಲ್ಲ.

ನೀಸ್ ಪಟ್ಟಣದ ಹಳೆಯ ಪೇಟೆಯಲ್ಲಿ ನನಗೆ ಮೊದಲು ಸಿಕ್ಕಿದ ನೆಂಟಳು ಯಾರು ಗೊತ್ತೇ? ಕಡಲೆಹಿಟ್ಟಿನ ದೋಸೆ! ಅಲ್ಲಿ ಅದಕ್ಕೆ "ಸೊಕ್ಕ" ಎನ್ನುತ್ತಾರೆ. ಗಾಡಿಯ ಚಕ್ರದಷ್ಟು ಅಗಲದ ತಾಮ್ರದ ತಟ್ಟೆಯಲ್ಲಿ ಹಿಟ್ಟು ಹೊಯ್ದು, ಸೌದೆಯ ಒಲೆಯೊಳಗೆ ತಳ್ಳಿ, ಮೇಲೆ ಅಲ್ಲಲ್ಲಿ ಕಪ್ಪಾಗುವವರೆಗೆ ಬೇಯಿಸುತ್ತಾರೆ. ಕೆರೆದು ತುಂಡು ಮಾಡಿ ಕಾಗದದಲ್ಲಿ ಕೊಡುತ್ತಾರೆ, ಮೇಲೆ ಮೆಣಸಿನಪುಡಿ ಉದುರಿಸಿಕೊಂಡು ಕೈಯಲ್ಲೇ ತಿನ್ನುವುದು. ಗಡಿ ದಾಟಿ ಇಟಲಿಗೆ ಹೋದರೆ ಇದೇ ತಿಂಡಿಗೆ "ಫರಿನಾತ" ಎಂದು ಹೆಸರು.

ನೀವೂ ಮಾಡಿ ನೋಡಿ. ಒಂದು ಲೋಟ ಕಡಲೆಹಿಟ್ಟಿಗೆ ಸುಮಾರು ಎರಡು ಲೋಟ ನೀರು, ರುಚಿಗೆ ಉಪ್ಪು, ಎರಡು ದೊಡ್ಡ ಚಮಚ ಎಣ್ಣೆ. ಗಂಟಿಲ್ಲದಂತೆ ಕಲಸಿ ಎರಡು ಗಂಟೆ ಬಿಡಿ. ಅಲ್ಲಿಯವರು ಆಲಿವ್ ಎಣ್ಣೆ ಹಾಕುತ್ತಾರೆ; ಇಲ್ಲದಿದ್ದರೆ ಮನೆಯಲ್ಲಿರುವ ಎಣ್ಣೆಯೇ ಸಾಕು. ಅವರ ಹಿಟ್ಟು ಕಾಬೂಲಿ ಕಡಲೆಯದು, ನಮ್ಮದು ಕಡಲೆಬೇಳೆಯದು. ಆದ್ದರಿಂದ ನೀರನ್ನು ಸ್ವಲ್ಪ ಹಿಡಿದು ಹಾಕಿ. ಕಬ್ಬಿಣದ ಕಾವಲಿ ಚೆನ್ನಾಗಿ ಕಾದ ಮೇಲೆ ಧಾರಾಳವಾಗಿ ಎಣ್ಣೆ ಬಿಟ್ಟು, ಉತ್ತಪ್ಪಕ್ಕಿಂತ ತೆಳ್ಳಗೆ ಹೊಯ್ದು ಮುಚ್ಚಿ. ಅಂಚು ಬಿಟ್ಟ ಮೇಲೆ ಮಗುಚಿ ಹಾಕಿ. ಇಳಿಸಿ ಮೆಣಸಿನಪುಡಿ ಉದುರಿಸಿ, ಬಿಸಿಯಾಗಿಯೇ ತಿನ್ನಿ. ಆರಿದರೆ ಚರ್ಮದಂತಾಗುತ್ತದೆ.

ನೀಸ್ ಬಿಟ್ಟ ಮೇಲೆ ಎಸ್ತೆರೆಲ್ ಬೆಟ್ಟಗಳ ಕೆಂಪು ಬಂಡೆ ಒಂದು ಕಡೆ, ನೀಲಿ ಸಮುದ್ರ ಇನ್ನೊಂದು ಕಡೆ. ಸಮುದ್ರದ ಊರಿನವಳಾದ ನನಗೆ ನೀಲಿಗಿಂತ ಹೆಚ್ಚು ಸೋಜಿಗವಾದದ್ದು ಬೇರೆ. ಬೆಳಿಗ್ಗೆ ನೀರಿನಂಚಿನ ಒಂದು ಕಲ್ಲನ್ನು ಗುರುತಿಟ್ಟುಕೊಂಡಿದ್ದೆ. ಮಧ್ಯಾಹ್ನ ನೋಡುತ್ತೇನೆ, ನೀರು ಹೆಚ್ಚು ಕಡಿಮೆ ಅಲ್ಲೇ ಇದೆ! ನಮ್ಮ ಅಘನಾಶಿನಿಯಲ್ಲಿ ಇಳಿತದ ಹೊತ್ತಿಗೆ ಹೆಂಗಸರು ಬುಟ್ಟಿ ಹಿಡಿದು ಚಿಪ್ಪಿ ಆಯಲು ಇಳಿಯುತ್ತಾರಲ್ಲ, ಅಂಥ ಉಬ್ಬರ-ಇಳಿತ ಅಲ್ಲಿ ಕಣ್ಣಿಗೆ ಬೀಳುವುದೇ ಇಲ್ಲ. ಸುತ್ತ ನೆಲ ಆವರಿಸಿದ ಕಡಲು ಅದು. ಮಹಾಸಾಗರಕ್ಕೆ ತೆರೆದಿರುವ ಬಾಗಿಲು ಜಿಬ್ರಾಲ್ಟರ್ ಒಂದೇ, ಅದೂ ಕಿರಿದಾದ ಕಡೆ ಸುಮಾರು 14 ಕಿಲೋಮೀಟರ್ ಅಗಲ.

ನೀರು ಹೀಗೆ ಸೌಮ್ಯ ನಿಜ, ಆದರೆ ಗಾಳಿ ಹಾಗಲ್ಲ. ಮಾರ್ಸೇಯ್ ಪಟ್ಟಣ ದಾಟಿ ಮುಂದೆ ಹೋದರೆ ರೋನ್ ನದಿ ಸಮುದ್ರ ಸೇರುವ ಜವುಗು ನೆಲ, ಕಮಾರ್ಗ್ ಎಂದು ಹೆಸರು. ಬಿಳಿ ಕುದುರೆಗಳು, ಕರಿ ಗೂಳಿಗಳು, ಬತ್ತದ ಗದ್ದೆಗಳು, ರಾಜಹಂಸಗಳ ಹಿಂಡು. ಆ ನದಿಯ ಕಣಿವೆಯಿಂದ ಬೀಸುವ ಮಿಸ್ತ್ರಾಲ್ ಎಂಬ ಒಣಗಾಳಿ ಒಮ್ಮೊಮ್ಮೆ ಗಂಟೆಗೆ 100 ಕಿಲೋಮೀಟರ್ ವೇಗವನ್ನೂ ಮೀರುತ್ತದೆ. ಅಲ್ಲಿ ತಂಗಿದ ಎರಡನೆಯ ರಾತ್ರಿ ಅದು ಎದ್ದಿತು. ಆಕಾಶ ನಿರ್ಮಲ, ಚುಕ್ಕಿಗಳೆಲ್ಲ ಕಾಣುತ್ತಿವೆ, ಆದರೆ ವ್ಯಾನು ಮಾತ್ರ ತೊಟ್ಟಿಲಿನಂತೆ ಓಲಾಡುತ್ತಿದೆ. ಗಂಟೆ ಎರಡು. ಸುತ್ತ ನಿಂತಿದ್ದ ವ್ಯಾನುಗಳಲ್ಲಿ ಯಾರ ದೀಪವೂ ಇಲ್ಲ.

ಕೈ ತಾನಾಗಿ ಫೋನಿನ ಕಡೆ ಹೋಯಿತು. ನಮ್ಮೂರಲ್ಲಿ ಆಗ ಬೆಳಗಿನ ಐದೂವರೆ. ಮಗ ಎದ್ದಿರುತ್ತಾನೆ. ಆದರೆ ಕರೆದು ಹೇಳುವುದೇನು? ಬೆಂಗಳೂರಿನಿಂದ ಅವನು ಗಾಳಿ ನಿಲ್ಲಿಸಿಯಾನೇ? ಫೋನು ಕೆಳಗಿಟ್ಟೆ. ಆ ದಿನ ದಾರಿಯಲ್ಲಿ ಗೂಳಿ ಕಾಯುವವರ ಹಳೆಯ ಗುಡಿಸಲುಗಳನ್ನು ನೋಡಿದ್ದೆ. ಜೊಂಡಿನ ಮಾಡು, ಒಂದು ತುದಿ ಮಾತ್ರ ದುಂಡಗೆ, ಆ ದುಂಡು ಬೆನ್ನು ಎಲ್ಲ ಗುಡಿಸಲಿನಲ್ಲೂ ವಾಯವ್ಯಕ್ಕೆ. ಮಿಸ್ತ್ರಾಲ್ ಬರುವುದು ಆ ಕಡೆಯಿಂದಲೇ. ಚಪ್ಪಟೆ ಗೋಡೆ ಕೊಟ್ಟರೆ ಗಾಳಿ ಗುದ್ದುತ್ತದೆ, ದುಂಡು ಕೊಟ್ಟರೆ ಜಾರಿಹೋಗುತ್ತದೆ. ನನ್ನ ವ್ಯಾನಿನ ಅಗಲದ ಮಗ್ಗುಲು ಗಾಳಿಗೆ ಅಡ್ಡ ನಿಂತಿತ್ತು. ಸರಿ, ಸೆರಗು ಬಿಗಿದು, ತೊಳೆದಿಟ್ಟ ಪಾತ್ರೆಗಳನ್ನು ಒಳಗೆ ಸೇರಿಸಿ, ಎಂಜಿನ್ ಹಾಕಿ, ಮೂತಿ ಗಾಳಿಗೆ ಎದುರಾಗುವಂತೆ ವ್ಯಾನು ತಿರುಗಿಸಿ ನಿಲ್ಲಿಸಿದೆ. ಅಲುಗಾಟ ಅರ್ಧಕ್ಕರ್ಧ ಇಳಿಯಿತು. ಊರಿನಿಂದ ಒಯ್ದಿದ್ದ ಪುಡಿಯಲ್ಲಿ ಕಾಫಿ ಮಾಡಿಕೊಂಡು ಕುಡಿದೆ. ಆಮೇಲೆ, ನಂಬಿ, ನಿದ್ದೆಯೂ ಬಂತು.

ಅದೇ ಕಮಾರ್ಗಿನ ಸಮುದ್ರತೀರದಲ್ಲಿ ಸೇಂತ್ ಮರೀ ದ ಲಾ ಮೇರ್ ಎಂಬ ಊರಿದೆ. ಅಲ್ಲಿನ ಕೋಟೆಯಂಥ ಚರ್ಚಿನ ನೆಲಮಾಳಿಗೆಯಲ್ಲಿ ಒಬ್ಬ ಕಪ್ಪು ಬಣ್ಣದ ದೇವಿ, ಸಾರಾ. ಚರ್ಚಿನ ಅಧಿಕೃತ ಸಂತರ ಪಟ್ಟಿಯಲ್ಲಿ ಅವಳ ಹೆಸರಿಲ್ಲ. ಆದರೆ ಯುರೋಪಿನ ರೋಮಾ ಜನರಿಗೆ, ಜಿಪ್ಸಿಗಳು ಎಂದು ನಾವು ಕೇಳಿದ್ದೇವಲ್ಲ ಅವರಿಗೆ, ಅವಳೇ ಕುಲದೇವತೆ. "ಸಾರಾ ಲಾ ಕಾಲಿ" ಎಂದು ಕರೆಯುತ್ತಾರೆ. ಅವರ ಭಾಷೆಯಲ್ಲಿ ಕಾಲಿ ಎಂದರೆ ಕಪ್ಪಾದವಳು. ಪಾನಿ ಎಂದರೆ ನೀರು, ಮನುಷ್ ಎಂದರೆ ಮನುಷ್ಯ! ಅವರ ಪೂರ್ವಿಕರು ನಮ್ಮ ಭಾರತದಿಂದಲೇ ಹೊರಟವರೆಂದು ಭಾಷಾಪಂಡಿತರು 18ನೇ ಶತಮಾನದಲ್ಲೇ ಕಂಡುಕೊಂಡರು. ಹರಕೆ ಹೊತ್ತವರು ತಂದ ನಿಲುವಂಗಿಗಳನ್ನು ಒಂದರ ಮೇಲೊಂದು ಹೊದಿಸಿ ಹೊದಿಸಿ ದೇವಿ ಉಬ್ಬಿಹೋಗಿದ್ದಳು. ಮೇಣದಬತ್ತಿಗಳ ಶಾಖಕ್ಕೆ ನಮ್ಮ ಗರ್ಭಗುಡಿಯಲ್ಲಿ ನಿಂತಂತಾಯಿತು. ಮೇ 24ರಂದು ಅವಳನ್ನು ಹೊತ್ತು, ಮುಂದೆ ಬಿಳಿ ಕುದುರೆಗಳ ಸವಾರರು, ಹಿಂದೆ ಹಾಡು ಪಿಟೀಲು, ಸೊಂಟಮಟ್ಟದ ಸಮುದ್ರಕ್ಕೆ ಇಳಿಸುತ್ತಾರೆ, ಮತ್ತೆ ಗುಡಿಗೆ ತರುತ್ತಾರೆ. ಗುಂಪಿನಲ್ಲಿ ನಾನೂ ಮೊಣಕಾಲಿನವರೆಗೆ ಸೀರೆ ತೋಯಿಸಿಕೊಂಡು ನಿಂತಿದ್ದೆ. ಪಕ್ಕದ ಅಜ್ಜಿ ನನ್ನ ಸೀರೆ ಮುಟ್ಟಿ, "ಇಂಡಿಯಾ?" ಎಂದಳು. ಹೌದೆಂದೆ. ನನ್ನ ಕೆನ್ನೆ ಸವರಿದಳು. ಅಷ್ಟೇ ಮಾತು.

ಇನ್ನೊಂದು ಸಂಗತಿ ಹೇಳಲೇಬೇಕು. ಗಾಲಿಯ ಮನೆ ನನಗೆ 12 ದಿನದ ವಿಹಾರ. ಈ ಜನರಿಗೆ ಅದು ತಲೆಮಾರುಗಳ ಬಾಳು, ಅದಕ್ಕಾಗಿ ಅವರು ತೆತ್ತದ್ದು ಅಷ್ಟಿಷ್ಟಲ್ಲ. ಫ್ರಾನ್ಸಿನಲ್ಲಿ 1912ರ ಕಾನೂನು ಅಲೆಮಾರಿಗಳೆಲ್ಲ ಬೆರಳಚ್ಚು, ಮೈ ಅಳತೆ ಬರೆದ ಪುಸ್ತಕ ಇಟ್ಟುಕೊಂಡು ಊರೂರಲ್ಲಿ ತೋರಿಸಬೇಕೆಂದಿತು. ಅದರ ಬೇರೆ ಬೇರೆ ರೂಪಗಳು ಪೂರ್ತಿ ರದ್ದಾದದ್ದು 2017ರಲ್ಲಿ. ಎರಡನೆಯ ಮಹಾಯುದ್ಧದಲ್ಲಿ ನಾಜಿಗಳು ಕೊಂದ ರೋಮಾ ಜನರ ಸಂಖ್ಯೆ ಲಕ್ಷಗಳಲ್ಲಿದೆ. ನನ್ನ ವ್ಯಾನನ್ನು ಕಂಡು ನಗುತ್ತ ಜಾಗ ತೋರಿಸಿದವರು ಅವರ ಗಾಡಿಗೂ ಹಾಗೇ ತೋರಿಸುತ್ತಾರೆಯೇ ಎಂದು ಅಂದಿನಿಂದ ಪ್ರತಿ ತಂಗುದಾಣದಲ್ಲೂ ಯೋಚನೆ ಬರುತ್ತಿತ್ತು.

ಅಲ್ಲಿಂದ ಮುಂದೆ ಏಗ್ ಮೋರ್ತ್ ಎಂಬ ಕೋಟೆಯ ಊರು, ಪಕ್ಕದಲ್ಲೇ ಉಪ್ಪಿನಾಗರ. ನಮ್ಮ ಸಾಣಿಕಟ್ಟೆಯಂತೆಯೇ ಪಾತಿಗಳು, ಆದರೆ ನೀರು ಗುಲಾಬಿ ಬಣ್ಣ! ಅತಿ ಉಪ್ಪಿನಲ್ಲೂ ಬದುಕುವ ಒಂದು ಸೂಕ್ಷ್ಮ ಪಾಚಿಯ ಕೆಲಸ ಅದು. ಅದನ್ನು ತಿಂದು ಬೆಳೆಯುವ ಸಣ್ಣ ಸಿಗಡಿ, ಆ ಸಿಗಡಿ ತಿಂದ ರಾಜಹಂಸ, ಹೀಗೆ ಗರಿಗೂ ಅದೇ ಬಣ್ಣ ಏರುತ್ತದೆ.

ಹನ್ನೊಂದನೆಯ ಸಂಜೆ ಕೊಲಿಯೂರ್ ಸೇರಿದೆ. 1905ರಲ್ಲಿ ಮತೀಸ್ ಎಂಬ ಚಿತ್ರಕಾರ ಬಂದು ಕಣ್ಣು ಕುಕ್ಕುವ ಬಣ್ಣಗಳಲ್ಲಿ ಬರೆದದ್ದು ಈ ಊರನ್ನೇ. ನಾನು ಮಾತ್ರ ಆ ಹೊತ್ತು ಬಣ್ಣ ನೋಡಲಿಲ್ಲ. ಪಾತ್ರೆ ತೊಳೆದು, ಟ್ಯಾಂಕಿನಲ್ಲಿ ಉಳಿದ ನೀರು ನೋಡಿ, ಬಾಗಿಲಲ್ಲಿ ಕೂತು ಮಗನಿಗೆ ಫೋನು ಮಾಡಿದೆ.

"ಹೆಂಚು ಕೈಯಾಡಿಸೂಲೆ ಆಳಿಗೆ ಹೇಳಿಡು. ಮಳೆ ಹಿಡಿಯೂದ್ರೊಳಗೆ ಆಗವು."

"ಮಾರೂ ಮನೆಗೆ ಎಂತಕ್ಕೆ ಆಯಿ ಖರ್ಚು?"

"ಮಾರ್ತ್ನಿಲ್ಲೆ. ನಾ ಅಲ್ಲೇ ಇರ್ತಿ."

ಆ ಕಡೆ ಬಹಳ ಹೊತ್ತು ಮೌನ. ಆಮೇಲೆ ಅವನು, "ಒಬ್ಳೇ?" ಎಂದ.

"ಹೌದು, ಒಬ್ಳೇ" ಎಂದೆ. ಆ ಮಾತು ನನ್ನ ಬಾಯಿಂದ ಮೆಲ್ಲಗೆ ಬರಲಿಲ್ಲ.

ಮಕ್ಕಳು ಕೆಟ್ಟವರಲ್ಲ. ಮಗನಿಗೆ ಇನ್ನೂ ಪೂರ್ತಿ ಸಮಾಧಾನವಿಲ್ಲ, ದಿನಾ ರಾತ್ರಿ ಒಂಬತ್ತಕ್ಕೆ ಫೋನು ಮಾಡುತ್ತಾನೆ. ಮಾಡಲಿ, ನನಗೂ ಬೇಕು. ಬಿದ್ದರೆ, ಜ್ವರ ಬಂದರೆ ಎಂಬ ಭಯ ನನಗಿಲ್ಲವೆಂದಲ್ಲ. ಆದ್ದರಿಂದಲೇ ಒಂದು ಬೀಗದಕೈ ಪಕ್ಕದ ಮನೆಯಲ್ಲಿ ಇಟ್ಟಿದ್ದೇನೆ. ಹುಡುಗಿಯನ್ನು ಮಾತ್ರ ರಾತ್ರಿ ಕಳಿಸಬೇಡಿ, ಹಗಲು ಕಳಿಸಿ, ಡ್ರೈವಿಂಗ್ ಕಲಿಸುತ್ತೇನೆ ಎಂದಿದ್ದೇನೆ.

ಎಲ್ಲರೂ ಫ್ರಾನ್ಸಿಗೆ ಹೋಗಿ ಎಂದು ನಾನು ಹೇಳುವುದಿಲ್ಲ. ಅದು ಎಲ್ಲರ ಕೈಗೆಟುಕುವ ಮಾತೂ ಅಲ್ಲ. ಆದರೆ ಅಕ್ಕ-ತಂಗಿಯರೇ, ಮನೆಯವರೆಲ್ಲ ಮದುವೆಗೆ ಹೊರಟ ಒಂದು ದಿನ ನೀವು ಹಿಂದೆ ಉಳಿಯಿರಿ. ಅಥವಾ ಪಕ್ಕದ ಊರಿಗೆ ಬಸ್ಸು ಹತ್ತಿ, ಒಂದು ರಾತ್ರಿ ಉಳಿದು ಬನ್ನಿ. ಏನು ಬೇಯಿಸಲಿ ಎಂದು ಯಾರನ್ನೂ ಕೇಳದೆ ನಿಮಗೆ ಬೇಕಾದ್ದನ್ನೇ ಬೇಯಿಸಿಕೊಳ್ಳಿ. ಏನು ಬೇಕು ಎಂದು ಥಟ್ಟನೆ ಹೊಳೆಯದಿದ್ದರೆ, ಕಡಲೆಹಿಟ್ಟು ಕಲಸಿಡಿ. ಎರಡು ಗಂಟೆ ಹೊತ್ತಿದೆಯಲ್ಲ, ಯೋಚಿಸಿ.