ದೇಹೂ ರೋಡಿನಿಂದ ಅಘನಾಶಿನಿಗೆ

ನಮ್ಮ ಕಚೇರಿಗೆ ಹೊಸದಾಗಿ ಬಂದ ತರುಣನೊಬ್ಬ ವಿಯೆಟ್ನಾಂ ದೇಶವನ್ನು ಸುತ್ತಿ ಬಂದ. ಬೆನ್ನಿಗೊಂದು ಚೀಲ, ಒಂದಷ್ಟು ದೂರ ಬಾಡಿಗೆಯ ಮೋಟಾರ್ ಸೈಕಲ್, ಒಂದಷ್ಟು ದೂರ ರೈಲು, ಮತ್ತಷ್ಟು ದೂರ ದೋಣಿ. ಹನೋಯಿಯಿಂದ ಸೈಗಾನಿಗೆ ಹೋಗುವ 1726 ಕಿಲೋಮೀಟರಿನ ರೈಲುದಾರಿ 1936ರಲ್ಲಿ ಪೂರ್ತಿಯಾಗಿ, ಯುದ್ಧದಲ್ಲಿ ತುಂಡುತುಂಡಾಗಿ, 1976ರಲ್ಲಿ ಮತ್ತೆ ಒಂದಾಯಿತೆಂದು ಅವನೇ ಹೇಳಿದ. ಮಧ್ಯಾಹ್ನ ಡಬ್ಬಿ ಬಿಚ್ಚಿದಾಗಲೆಲ್ಲ ಇದೇ ಕಥೆ. ಕೇಳಿ ಕೇಳಿ ನನಗೂ ಆಸೆ ಹುಟ್ಟಿತು. ಆದರೆ ಗುಮಾಸ್ತನ ಆಸೆಗೆ ರಜೆಯ ಲೆಕ್ಕವೂ ಸಂಬಳದ ಲೆಕ್ಕವೂ ಒಪ್ಪಿಗೆ ಕೊಡಬೇಕಲ್ಲ! ಮನೆಗೆ ಬಂದು ಭೂಪಟ ಬಿಡಿಸಿದೆ. ಘಟ್ಟ, ಕಡಲು, ರೈಲು, ದೋಣಿ ಎಲ್ಲವೂ ನಮ್ಮ ಪಶ್ಚಿಮ ಕರಾವಳಿಯಲ್ಲೇ ಇದ್ದವು. ಆ ದಾರಿಯ ಕೊನೆಗೆ ಕುಮಟಾ ತಾಲ್ಲೂಕಿನ ಅಘನಾಶಿನಿಯೂ ಇತ್ತು. ಅದು ನಮ್ಮ ತಂದೆಯವರ ಊರು.

ಅಷ್ಟರಲ್ಲಿ ತಂಗಿಯ ಮದುವೆ ಗೊತ್ತಾಗಿತ್ತು. ಊರಿನಲ್ಲಿರುವ ದೊಡ್ಡಪ್ಪನಿಗೂ ಅಪ್ಪನಿಗೂ ಹನ್ನೊಂದು ವರ್ಷಗಳಿಂದ ಮಾತಿಲ್ಲ. ಕಾರಣ, ಒಂದು ತುಂಡು ಗಜನಿ ಗದ್ದೆಯ ಪಾಲು. ಲಗ್ನಪತ್ರಿಕೆ ಬಂದಾಗ ಅಪ್ಪ, “ಅವನದನ್ನು ಅಂಚೆಗೆ ಹಾಕು” ಎಂದು ಮುಖ ತಿರುಗಿಸಿದರು. ಮನೆಯ ಹಿರಿಯನನ್ನು ಅಂಚೆಯಲ್ಲಿ ಕರೆಯುವುದುಂಟೆ? ನನ್ನ ಮನೆಯಾಕೆ ಏನೂ ಹೇಳದೆ ಆ ಒಂದು ಪತ್ರಿಕೆಯನ್ನೂ ಕುಂಕುಮದ ಭರಣಿಯನ್ನೂ ಎತ್ತಿಟ್ಟಳು. “ಕೊಂಕಣ ನೋಡಿ ಬರುತ್ತೇವೆ” ಎಂದು ಮಗನನ್ನು ಅಜ್ಜ ಅಜ್ಜಿಯರ ಬಳಿ ಬಿಟ್ಟು, ಆರು ದಿನದ ರಜೆಗೆ ಎರಡು ಕಡೆಯ ಭಾನುವಾರಗಳನ್ನು ಸೇರಿಸಿ, ಜನವರಿಯ ಒಂದು ಮುಂಜಾನೆ ಇಬ್ಬರೂ ಹೊರಟೆವು.

ಬೆಳಗಾವಿ, ಹುಬ್ಬಳ್ಳಿಯ ಮೇಲೆ ಹೋಗಿದ್ದರೆ ಬೇಗ ತಲಪಬಹುದಿತ್ತು. ನಿಜ ಹೇಳಬೇಕೆಂದರೆ ನನಗೆ ಬೇಗ ತಲಪುವುದು ಬೇಡವಾಗಿತ್ತು. ದೊಡ್ಡಪ್ಪನ ಎದುರು ಏನು ಹೇಳಬೇಕೆಂಬುದನ್ನು ಜೋಡಿಸಿಕೊಳ್ಳಲು ಕಾಲಾವಕಾಶ ಬೇಕಿತ್ತು.

ಪೌಡ್ ದಾಟಿ ಮುಳಶಿಯ ಕೆರೆಯ ದಂಡೆಗೆ ಬಂದಾಗ ಬಿಸಿಲೇರಿತ್ತು. ಈ ಅಣೆಕಟ್ಟಿನಲ್ಲಿ ಮುಳುಗಲಿದ್ದ ಹೊಲಗಳಿಗಾಗಿ 1921ರಲ್ಲಿ ಸೇನಾಪತಿ ಬಾಪಟರ ಮುಂದಾಳುತನದಲ್ಲಿ ರೈತರು ಸತ್ಯಾಗ್ರಹ ಹೂಡಿದ್ದರು. ನೆಲದ ಮೇಲಿನ ಮನುಷ್ಯನ ಪ್ರೀತಿ ಎಂಥದು! ನೀರು ನೋಡುತ್ತ ನಿಂತ ನನಗೆ ನಮ್ಮ ಗಜನಿಯ ನೆನಪಾಯಿತು. ಮುಂದೆ ತಾಮ್ಹಿಣಿ ಘಟ್ಟ ಇಳಿದು, ಮಾಣಗಾಂವ್, ಮ್ಹಸಳಾ ದಾಟಿ, ಸಂಜೆಗೆ ಹರಿಹರೇಶ್ವರದ ಕಡಲು ಕಂಡೆವು.

ಇಲ್ಲಿಂದ ದೋಣಿಗಳ ಸರದಿ. ಸಹ್ಯಾದ್ರಿಯಿಂದ ಇಳಿದ ಹೊಳೆಗಳು ಕಡಲು ಸೇರುವಲ್ಲೆಲ್ಲ ಅಗಲವಾದ ಅಳಿವೆಗಳು. ಅವುಗಳನ್ನು ದಾಟಲು ‘ಜಂಗಲ್’ ಎಂದು ಅಲ್ಲಿನವರು ಕರೆಯುವ ಚಪ್ಪಟೆ ದೋಣಿಗಳಿವೆ. ದೋಣಿ ದಡಕ್ಕೆ ಬಂದು ಮುಂದಿನ ಬಾಗಿಲನ್ನು ನೆಲಕ್ಕೆ ಇಳಿಸುತ್ತದೆ. ಮೋಟಾರು, ಸೈಕಲ್ಲು, ಮೀನಿನ ಬುಟ್ಟಿ, ಶಾಲೆಯ ಮಕ್ಕಳು ಎಲ್ಲರೂ ಅದರ ಹೊಟ್ಟೆ ಸೇರುತ್ತಾರೆ. ಬಾಗಮಾಂಡಲೆಯಲ್ಲಿ ಸಾವಿತ್ರಿ, ದಾಭೋಳದಲ್ಲಿ ವಾಶಿಷ್ಠಿ, ತವಸಾಳದಲ್ಲಿ ಶಾಸ್ತ್ರಿ, ಹೀಗೆ ಮೂರು ನದಿಗಳನ್ನು ಮೋಟಾರ್ ಸೈಕಲ್ಲಿನ ಸಮೇತ ದಾಟಿದೆವು. ದಾಭೋಳದ ನೀರಿನಂಚಿನಲ್ಲಿ ವಿಜಾಪುರದ ಆದಿಲಶಾಹಿಗಳ ಕಾಲದ ಮಸೀದಿಯೊಂದಿದೆ. ಅದರ ಗುಮ್ಮಟ ಕಂಡಾಗ, ನಮ್ಮ ಕಡೆಯವರೊಬ್ಬರು ಪರವೂರಿನಲ್ಲಿ ಸಿಕ್ಕಷ್ಟು ಸಂತೋಷವಾಯಿತು. ಧಾರವಾಡದ ಬಯಲಲ್ಲಿ ಬೆಳೆದ ಮನೆಯಾಕೆ ಮೊದಲ ದೋಣಿಯಲ್ಲಿ ನನ್ನ ತೋಳು ಹಿಡಿದಿದ್ದಳು. ಮೂರನೆಯದರಲ್ಲಿ ಅಂಚಿಗೆ ನಿಂತು ಹಕ್ಕಿಗಳಿಗೆ ಚುರುಮುರಿ ಎರಚುತ್ತಿದ್ದಳು.

ರತ್ನಾಗಿರಿಯಲ್ಲಿ ಸಹೋದ್ಯೋಗಿಯೊಬ್ಬರ ಮನೆಯಂಗಳದಲ್ಲಿ ಗಾಡಿ ನಿಲ್ಲಿಸಿ ಕೊಂಕಣ ರೈಲು ಹತ್ತಿದೆವು. ಅಪ್ಪ 1979ರಲ್ಲಿ ದೇಹೂ ರೋಡಿಗೆ ಕೆಲಸಕ್ಕೆ ಬಂದಾಗ ಈ ರೈಲು ಇರಲಿಲ್ಲ. ಬಸ್ಸಿನಲ್ಲಿ ಘಟ್ಟ ಹತ್ತಿ ಹುಬ್ಬಳ್ಳಿ, ಅಲ್ಲಿಂದ ಮಿರಜ, ಮಿರಜದಲ್ಲಿ ಗಾಡಿ ಬದಲಿಸಿ ಪುಣೆ. ಮಂಗಳೂರಿನವರಾದ ಜಾರ್ಜ್ ಫರ್ನಾಂಡಿಸ್ ರೈಲ್ವೆ ಮಂತ್ರಿಗಳಾಗಿದ್ದಾಗ ಕೈಗೆತ್ತಿಕೊಂಡ ಕೆಲಸವನ್ನು ಶ್ರೀಧರನ್ ಎಂಬ ಇಂಜಿನಿಯರರು ಮುಗಿಸಿಕೊಟ್ಟರು. 1998ರ ಜನವರಿ 26ರಂದು ರೋಹಾದಿಂದ ಮಂಗಳೂರಿನವರೆಗೆ ಗಾಡಿ ಓಡಿತು. ರತ್ನಾಗಿರಿ ಬಿಟ್ಟು ಸ್ವಲ್ಪ ಹೊತ್ತಿಗೆ ಪಾನವಲ್ ಕಣಿವೆಯ ಸೇತುವೆ; ಎತ್ತರ 64 ಮೀಟರು. ಕಿಟಕಿಯಿಂದ ಕೆಳಗೆ ನೋಡಿದರೆ ತೆಂಗಿನ ಮರಗಳು ಕೊತ್ತಂಬರಿ ಸಿವುಡಿನಂತೆ ಕಾಣುತ್ತವೆ. ಆಮೇಲೆ ಸುರಂಗ, ಬಯಲು, ಸುರಂಗ, ಹೊಳೆ. ನಾನು ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಒಂದೊಂದು ಸುರಂಗಕ್ಕೆ ಒಂದೊಂದರಂತೆ ಮರೆತುಹೋದವು.

ಆ ರಾತ್ರಿ ಮಡಗಾಂವಿನಲ್ಲಿ ತಂಗಿ, ಮರುದಿನ ಬೇರೆ ಗಾಡಿ ಹಿಡಿದೆವು. ಗೋವೆ ಮುಗಿದು ಅಸ್ನೋಟಿ ಎಂಬ ಪುಟ್ಟ ಸ್ಟೇಷನ್ನಿನಲ್ಲಿ ಕನ್ನಡದ ಬೋರ್ಡು ಕಂಡಾಗ ಮನೆಯಾಕೆ ಗಟ್ಟಿಯಾಗಿ ಓದಿದಳು. ಎದುರಿನ ಸೀಟಿನವರು ನಕ್ಕರು. ನಗಲಿ, ನಮ್ಮ ಓದುಗರಿಗೆ ಅದರ ಅರ್ಥ ತಿಳಿಯುತ್ತದೆ. ಕಾಳಿ ನದಿ ದಾಟಿ, ಕಾರವಾರ ಕಳೆದು, ಗೋಕರ್ಣ ರೋಡಿನಲ್ಲಿ ಇಳಿದು ರಿಕ್ಷಾದಲ್ಲಿ ತದಡಿಗೆ ಬಂದೆವು. ಹೊಳೆಯ ಆಚೆ ಅಘನಾಶಿನಿ.

ಇದು ನಾಲ್ಕನೆಯ ದೋಣಿ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ ಎಲ್ಲಿಯೂ ದೊಡ್ಡ ಅಣೆಕಟ್ಟಿಗೆ ಸಿಕ್ಕದೆ ಕಡಲಿಗೆ ಬರುವ ಹೊಳೆ ಇದು. ಇಳಿತದ ಹೊತ್ತು, ಹೆಂಗಸರು ಸೊಂಟದುದ್ದ ನೀರಿನಲ್ಲಿ ನಿಂತು ಚಿಪ್ಪಿ ಆಯುತ್ತಿದ್ದರು. ಉಬ್ಬರದಲ್ಲಿ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳೇ ಗಜನಿ. ಬೇರೆ ಭತ್ತ ಸಾಯುವ ಆ ನೀರಿನಲ್ಲಿ ಕಗ್ಗ ಎಂಬ ಭತ್ತ ತಲೆಯೆತ್ತಿ ನಿಲ್ಲುತ್ತದೆ.

ದೊಡ್ಡಪ್ಪ ಜಗಲಿಯ ಮೇಲೆ ಬಲೆ ಸರಿಮಾಡುತ್ತಿದ್ದರು. ಗುರುತು ಹಿಡಿಯಲು ಒಂದು ಗಳಿಗೆ ಬೇಕಾಯಿತು. “ಬಾ ತಮಾ” ಎಂದರು. ಆಸರಿಗೆ ನೀರು ಬೆಲ್ಲ ಬಂತು. ಮನೆಯಾಕೆ ದೊಡ್ಡಮ್ಮನಿಗೆ ಕುಂಕುಮ ಕೊಟ್ಟಳು. ನಾನು ಪತ್ರಿಕೆ ಕೊಟ್ಟು ಕಾಲಿಗೆ ಬಿದ್ದೆ. ಅವರು ಪತ್ರಿಕೆಯನ್ನು ಎರಡು ಸಲ ಓದಿ ಕೇಳಿದರು: “ಅವನು ಹೇಳಿ ಕಳಿಸಿದನೋ, ನೀವೇ ಬಂದಿರೋ?”

ಸರಕಾರಿ ನೌಕರನಿಗೆ ಇಂಥ ಪ್ರಶ್ನೆಗೆ ಹೌದೂ ಅಲ್ಲದ, ಅಲ್ಲವೂ ಅಲ್ಲದ ಉತ್ತರ ಕೊಡುವ ಅಭ್ಯಾಸವಿರುತ್ತದೆ. ನಾನು ಬಾಯಿ ತೆರೆಯುವಷ್ಟರಲ್ಲಿ ಮನೆಯಾಕೆ, “ನಾವೇ ಬಂದೆವು, ದೊಡ್ಡಪ್ಪ” ಎಂದುಬಿಟ್ಟಳು.

ದೊಡ್ಡಪ್ಪ ಏನೂ ಹೇಳಲಿಲ್ಲ. ಮದುವೆಗೆ ಬರುವೆನೆಂದೂ ಹೇಳಲಿಲ್ಲ. ಊಟವಾಗಿ ಹೊರಟು ನಿಂತಾಗ ಒಳಗಿನಿಂದ ಕಗ್ಗದ ಅಕ್ಕಿಯ ಸಣ್ಣ ಚೀಲವೊಂದನ್ನು ತಂದು ನನ್ನ ಬೆನ್ನಚೀಲಕ್ಕೆ ತಾವೇ ತುರುಕಿದರು. “ನಿಮ್ಮಪ್ಪನ ಪಾಲಿನ ಗದ್ದೇದು” ಎಂದರು.

ಅದೇ ದೋಣಿ, ಅದೇ ರೈಲು, ಅದೇ ಜಂಗಲ್‌ಗಳಲ್ಲಿ ಅಕ್ಕಿ ದೇಹೂ ರೋಡಿಗೆ ಬಂತು. ಅಪ್ಪನೆದುರು ಚೀಲ ಬಿಚ್ಚಿ ನಡೆದದ್ದನ್ನು ನಡೆದಂತೆ ಹೇಳಿದೆ. ಬೈಗುಳಕ್ಕೆ ಸಿದ್ಧನಾಗಿಯೇ ಇದ್ದೆ. ಅಪ್ಪ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದರು. “ಅಣ್ಣನ ಕಣ್ಣು ಸರಿ ಕಾಣುತ್ತದೆಯೇನೋ?” ಎಂದು ಕೇಳಿದರು. “ಬಲೆ ಹೆಣೆಯುತ್ತಿದ್ದರು” ಎಂದೆ.

ಮರುದಿನ ನಾನು ಕಚೇರಿಗೆ ಹೊರಟಾಗ ಅಪ್ಪ ಒಂದು ಲಕೋಟೆ ಕೊಟ್ಟರು. ಮೇಲೆ ಅಘನಾಶಿನಿಯ ವಿಳಾಸ, ಅವರದೇ ಕೈಬರಹ. “ಇದನ್ನು ಅಂಚೆಗೆ ಹಾಕು” ಎಂದರು. ಈ ಸಲ ನಾನು ಹಾಕಿದೆ.