ಎರಡು ಮೀಟರ್ ದೂರ

ಸಂತೆಕಟ್ಟೆ
ಆದಿತ್ಯವಾರ ರಾತ್ರಿ

ಪ್ರೀತಿಯ ತಮ್ಮಾ,

ಇವತ್ತು ಸಂತೆಯಿಂದ ಬರುವಾಗ ಒಂದು ಚೆಂಡು ಶಂಕರಪುರ ಮಲ್ಲಿಗೆ ತಂದೆ. ಬಾಳೆಲೆಯಲ್ಲಿ ಸುತ್ತಿದ ಪೊಟ್ಟಣ, ಚೀಲದ ತಳದಲ್ಲಿ, ತೊಂಡೆಕಾಯಿಯ ಅಡಿಯಲ್ಲಿತ್ತು. ಆದರೂ ಅಮ್ಮ ಚಾವಡಿಯಲ್ಲಿ ಕೂತಲ್ಲಿಂದಲೇ, "ಮಲ್ಲಿಗೆಯಾ ಮಗಾ?" ಅಂದರು. ಆಗ ನೀನು ಮೊನ್ನೆ ಫೋನಿನಲ್ಲಿ ಕೇಳಿದ್ದು ನೆನಪಾಯಿತು. "ಅಕ್ಕಾ, ನೀನು ಕೆಮಿಸ್ಟ್ರಿ ಕಲಿಸುವವಳಲ್ವಾ? ಡ್ರೋನಿಗೆ ಸೆನ್ಸರ್ ಕಟ್ಟಿ ಅಡಗಿಸಿಟ್ಟ ಬಾಂಬು ಹುಡುಕಬಹುದಂತೆ, ಹೌದಾ?"

ಹೌದು. ಆದರೆ ಮಲ್ಲಿಗೆಯ ಹಾಗೆ ಸ್ಫೋಟಕ ತನ್ನ ಇರವನ್ನು ಸಾರುವುದಿಲ್ಲ. ಟಿಎನ್‌ಟಿಯ ಪಕ್ಕದ ಗಾಳಿಯಲ್ಲೂ ನೂರು ಕೋಟಿ ಅಣುಗಳಿಗೆ ಅದರ ಆವಿಯ ಅಣು ಬೆರಳೆಣಿಕೆಯಷ್ಟು. ಆರ್‌ಡಿಎಕ್ಸ್‌ನದ್ದು ಅದಕ್ಕಿಂತಲೂ ಸುಮಾರು ಸಾವಿರ ಪಟ್ಟು ಕಡಿಮೆ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟರೆ ಅಷ್ಟೂ ಹೊರಬರುವುದಿಲ್ಲ. ಬಂದದ್ದನ್ನು ಡ್ರೋನಿನ ರೆಕ್ಕೆಗಾಳಿಯೇ ಚದುರಿಸಿಬಿಡುತ್ತದೆ. ಅದಕ್ಕೇ ಗಾಳಿ ಹೀರುವ ಕೊಳವೆಯನ್ನು ಆ ರಭಸದಿಂದ ಆಚೆಗೆ ಚಾಚಬೇಕು, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಿ ಹಾರಿಸಬೇಕು.

ಇನ್ನೊಂದು ದಾರಿ ಬೆಳಕಿನದು. ಅಣುವಿಗೆ ತಾಗಿ ಚದುರಿದ ಬೆಳಕಿನ ಸ್ವಲ್ಪ ಭಾಗ ಬಣ್ಣ ಬದಲಿಸುತ್ತದೆ. ಅದು ಒಂದೊಂದು ವಸ್ತುವಿಗೆ ಒಂದೊಂದು ರೀತಿ. 1928ರಲ್ಲಿ ಸಿ.ವಿ. ರಾಮನ್ ಕಂಡುಹಿಡಿದದ್ದು ಇದನ್ನೇ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಪುಣೆಯ ಡಿಆರ್‌ಡಿಒ ಪ್ರಯೋಗಾಲಯ ಸೇರಿ ರೂಪಿಸಿದ 'ರೇಡರ್-ಎಕ್ಸ್' ಎಂಬ ಉಪಕರಣ 2019ರಲ್ಲಿ ಬಂತು. ಎರಡು ಮೀಟರ್ ದೂರದಿಂದ ಅದು ಸ್ಫೋಟಕವನ್ನು ಗುರುತಿಸುತ್ತದೆ.

ಎರಡು ಮೀಟರ್ ಅಂದರೆ ನಮ್ಮ ಜಗಲಿಯ ಅಗಲ. ಬಾಂಬಿನ ಎದುರು ಅದು ಒಂದು ದೂರವೇ ಅಲ್ಲ. ಆದರೆ ಅಂಥದ್ದೊಂದು ಹಗುರಾಗಿ ಡ್ರೋನ್ ಏರಿದರೆ, ಆ ಎರಡು ಮೀಟರ್ ಡ್ರೋನಿನದು, ನಿನ್ನದಲ್ಲ. ನೀನು ಎಷ್ಟೋ ಆಚೆ ಗೋಡೆಯ ಮರೆಯಲ್ಲಿ ನಿಂತಿರಬಹುದು. ಈ ವಿದ್ಯೆಯಲ್ಲಿ ನನಗೆ ಬೇಕಾದದ್ದು ಇಷ್ಟೇ.

2020ರ ಜನವರಿ 20 ನೆನಪಿದೆಯಾ? ಮಂಗಳೂರು ವಿಮಾನ ನಿಲ್ದಾಣದಲ್ಲಿ ಸಿಕ್ಕಿದ ಚೀಲವನ್ನು ಕೆಂಜಾರಿನ ಬಯಲಿಗೆ ಒಯ್ದು, ಮರಳಿನ ಮೂಟೆಗಳ ನಡುವೆ ಇಟ್ಟು ಸ್ಫೋಟಿಸಿದರು. ಆ ದಪ್ಪ ಕವಚ ತೊಟ್ಟ ಒಬ್ಬನೇ ಮನುಷ್ಯ ನಡೆಯುವುದನ್ನು ನಾವು ಟಿವಿಯಲ್ಲಿ ನೋಡಿದೆವು. ನೀನಿನ್ನೂ ಬಾಂಬ್ ನಿಷ್ಕ್ರಿಯ ದಳಕ್ಕೆ ಸೇರಿರಲಿಲ್ಲ. ಆದರೂ ಅಮ್ಮ, "ಅವನ ಮನೆಯವರು ಈಗ ಎಲ್ಲಿ ಕೂತಿದ್ದಾರೋ" ಅಂದಿದ್ದರು. ಈಗ ಆ ಮನೆಯವರು ನಾವೇ.

ಒಂದು ಮಾತು ನೆನಪಿಟ್ಟುಕೋ. ಸೆನ್ಸರ್ "ಇದೆ" ಅಂದರೆ ನಂಬು; "ಇಲ್ಲ" ಅಂದರೆ ನಂಬಿ ಹತ್ತಿರ ಹೋಗಬೇಡ. ಉಕ್ಕಿನ ಡಬ್ಬಿಯಲ್ಲಿ ಮುಚ್ಚಿಟ್ಟರೆ ಮಲ್ಲಿಗೆಯೂ ಅಮ್ಮನಿಗೆ ತಿಳಿಯುವುದಿಲ್ಲ. ಲೋಹದ ಆಚೆಗೆ ಆ ಬೆಳಕೂ ಹೋಗದು. ಯಂತ್ರ ಮುಂದೆ ಹೋಗಲಿ, ನಾಯಿ ಹೋಗಬೇಕಾದಲ್ಲಿ ಅದೂ ಹೋಗಲಿ, ನೀನು ಕಡೆಗೆ ಹೋಗು. ಕಾದು ನಿಂತವನನ್ನು ಯಾರೂ ಪುಕ್ಕಲ ಅನ್ನುವುದಿಲ್ಲ ಮಾರಾಯ.

ರಜೆ ಸಿಕ್ಕಿದ ಕೂಡಲೇ ಬಾ. ಬರುವಾಗ ಒಂದು ಚೆಂಡು ಮಲ್ಲಿಗೆ ಚೀಲದ ಅಡಿಯಲ್ಲಿ ಅಡಗಿಸಿಟ್ಟು ತಾ. ನೀನು ಮೆಟ್ಟಿಲು ಹತ್ತುವ ಮೊದಲೇ ಅಮ್ಮನಿಗೆ ಗೊತ್ತಾಗಲಿ.

ನಿನ್ನ
ಅಕ್ಕ