ಕಡಲ ದಂಡೆಯ ಗೆಳೆಯರು

ಪ್ರವಾಸದ ಕೊನೆಗೆ ಜೇಬು ಹಗುರಾಗುತ್ತದೆ, ಕಾಲು ಭಾರವಾಗುತ್ತದೆ. ಹಳೆಯ ಗೆಳೆಯರ ಮನೆಗೆ ಹೋಗಲು ಅದೇ ತಕ್ಕ ಕಾಲ. ನೋಡಬೇಕಾದ ಸ್ಥಳಗಳೆಲ್ಲ ಮುಗಿದಿರುವುದರಿಂದ ಮನುಷ್ಯರನ್ನು ನೋಡಲು ಕಣ್ಣಿಗೆ ಬಿಡುವಿರುತ್ತದೆ.

ಈ ಸಲ ಗೋವೆಯಿಂದ ಹಿಂದಿರುಗುತ್ತ ಕಾರವಾರದಲ್ಲಿ ಇಳಿದೆ. ಗೆಳೆಯ ಸಂಜೆ ಕಾಳಿ ನದಿಯ ದಡಕ್ಕೆ ಕರೆದೊಯ್ದ. ಅಲ್ಲಿಯ ಹಳೆಯ ಸೇತುವೆ 2024ರ ಆಗಸ್ಟಿನಲ್ಲಿ ಕುಸಿದು ಬಿದ್ದಿತು. ಪಕ್ಕದ ಹೊಸ ಸೇತುವೆ ಉಳಿಯಿತು. "ಹಳಬರಲ್ಲಿ ನಾವಾದರೂ ನಿಂತಿದ್ದೇವಲ್ಲ, ಮಾರಾಯ!" ಎಂದು ನಕ್ಕ. ನಗೆ ಮೊದಲಿನದೇ, ಕೈಗೆ ಮಾತ್ರ ಕೋಲು ಬಂದಿತ್ತು.

ಮರುದಿನ ಮಂಗಳೂರಿಗೆ ರೈಲು ಹತ್ತಿದೆ. ಗಂಗಾವಳಿ, ಅಘನಾಶಿನಿ, ಶರಾವತಿ – ಹಿಂದಿನವರು ದೋಣಿಗಾಗಿ ಕಾದು ಕುಳಿತ ಹೊಳೆಗಳು. 1998ರಲ್ಲಿ ಕೊಂಕಣ ರೈಲು ಮಾರ್ಗ ಪೂರ್ತಿ ತೆರೆದ ಮೇಲೆ ಅವನ್ನು ನಿಮಿಷಗಳಲ್ಲಿ ದಾಟುತ್ತೇವೆ. ಆದರೆ ಹಾದಿ ಸುಲಭವಾದಷ್ಟೂ ಭೇಟಿ ಅಪರೂಪವಾಗುವುದು ಲೋಕದ ರೀತಿ. ಯಾವಾಗ ಬೇಕಾದರೂ ಹೋಗಬಹುದಾದ ಊರಿಗೆ ಯಾರೂ ಹೋಗುವುದಿಲ್ಲ.

ಮಂಗಳೂರಿನ ಗೆಳೆಯನಿಗೆ ಮರೆವಿನ ಕಾಯಿಲೆ. ನನ್ನ ಮುಖವನ್ನು ಬಹಳ ಹೊತ್ತು ನೋಡಿದ; ಹೆಸರು ಹೊಳೆಯಲಿಲ್ಲ. ಅತ್ತಿಗೆ ನೀರುದೋಸೆಯ ತಟ್ಟೆ ತಂದಿಟ್ಟರು. ಆಗ ಅವನೇ ಗದರಿದ: "ಇವನಿಗೆ ಚಟ್ನಿ ಬೇಡ, ಕಾಯಿಬೆಲ್ಲ ಕೊಡು."

ಐವತ್ತು ವರ್ಷದ ಹಿಂದೆ ಒಂದೇ ಕೋಣೆಯಲ್ಲಿದ್ದಾಗಿನ ನನ್ನ ಚಪಲ ಅದು. ಹೆಸರು ಹೋಗಿತ್ತು, ನಾನು ಹೋಗಿರಲಿಲ್ಲ. ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ದೋಸೆಯತ್ತ ನೋಡಿದೆ.

ಹೊರಡುವಾಗ ಅವರು, "ಬಿಡುವಾದಾಗ ಮತ್ತೆ ಬನ್ನಿ" ಎಂದರು. ನಾನು ಬಿಡುವಿನ ಮಾತೆತ್ತಲಿಲ್ಲ. ಗೋಡೆಯ ಪಂಚಾಂಗ ನೋಡಿ, ಮುಂದಿನ ತಿಂಗಳ ಒಂದು ದಿನವನ್ನು ಹೇಳಿ ಬಂದೆ.